ಬರಿದಾದ ಬಲೆ, ಹರಿದ ಬಲೆ

ತಂತ್ರಾಂಶದೊಳಗಿನ ಒಂದು ಹೆಸರು ಬದಲಿಸಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಸುಚಿತಾ ಮೊಗೇರ ನಗುತ್ತಾ ಬೆರಳು ಮಡಚುತ್ತಾರೆ. ಬೆಳಗಿನ ನಿದ್ದೆ, ಒಂದು ಡಬ್ಬಿ ಚಾಪುಡಿ, ಮೊಬೈಲಿನ ಡೇಟಾ. "ಅಮ್ಮನ ಬೈಗುಳ ಲೆಕ್ಕಕ್ಕಿಲ್ಲ. ಅದು ದಿನಾ ಪುಕ್ಕಟೆ ಬರ್ತದೆ." ಆದಾಯ? "ಎಂತ ಆದಾಯ? ಈ ಕೆಲಸವೂ ಪುಕ್ಕಟೆಯೇ."

ಮಾವಳ್ಳಿಯ ಮನೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಮ್ಮ ಮಾಸ್ತಮ್ಮ ಮೀನಿನ ಬುಟ್ಟಿ ಕೊಡವಿಕೊಂಡು, ಬೋಟು ಬಂದು ನಿಲ್ಲುವ ದಕ್ಕೆಗೆ ಹೊರಟಿದ್ದಾರೆ. ಸುಚಿತಾ ಜಗಲಿಯಲ್ಲಿ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ಕೂತಿದ್ದಾರೆ.

"ಅಕ್ಕಿ ಆರಿಸಿದ ಹಾಗೆ ಎಂತ ನೋಡ್ತೀಯೇ ಅದರಲ್ಲಿ?"

"ಕಲ್ಲು ಆರಿಸೂದು ಅಮ್ಮ."

"ಆರಿಸು, ಆರಿಸು. ಅನ್ನಕ್ಕೆ ನಾ ದುಡಿದು ತರ್ತೆ" ಎಂದು ಮಾಸ್ತಮ್ಮ ಮೆಟ್ಟಿಲಿಳಿಯುತ್ತಾರೆ.

ಮಾತು ತಮಾಷೆಯದು. ಮನೆಗೆ ಮಗಳ ದುಡಿಮೆಯೂ ಬರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ದಕ್ಕೆಗಳ ಬೋಟುಗಳಲ್ಲಿರುವ ವೈರ್‌ಲೆಸ್, ಜಿಪಿಎಸ್, ಮೀನನ್ನೂ ಕಡಲಿನ ತಳವನ್ನೂ ತೋರಿಸುವ ಫೈಂಡರ್ ಕೆಟ್ಟರೆ ಸುಚಿತಾ ಅವರನ್ನೇ ಕರೆಯುತ್ತಾರೆ. ಉಪ್ಪು ಗಾಳಿ ತಂತಿಯನ್ನು ಗೆದ್ದಲಿನಂತೆ ತಿನ್ನುತ್ತದೆ, ಹಾಗಾಗಿ ಕೆಲಸಕ್ಕೆ ಬರವಿಲ್ಲ. ಡಿಪ್ಲೊಮಾ ಮುಗಿಸಿ ಕುಮಟಾದ ರಿಪೇರಿ ಅಂಗಡಿಯೊಂದರಲ್ಲಿ ಕಲಿತು, ಆಮೇಲೆ ಸ್ವಂತ ಅಂಗಡಿ ತೆರೆದರು. ಶುರುವಿನಲ್ಲಿ ಹೆಣ್ಣುಮಗಳು ಬೋಟು ಹತ್ತುವುದು ಕೆಲವರಿಗೆ ಸರಿ ಬರಲಿಲ್ಲ. "ಆತು, ಹಾಗಾದ್ರೆ ಬೋಟನ್ನೇ ಹೊತ್ಕಂಡು ನನ್ನ ಅಂಗಡಿಗೆ ತನ್ನಿ ಅಂದೆ. ಮತ್ತೆ ಯಾರೂ ಮಾತಾಡಲಿಲ್ಲ."

ಪುಕ್ಕಟೆ ಕೆಲಸ ಬೇರೆಯದು. ಉಪಕರಣದೊಳಗಿನ ತಂತ್ರಾಂಶ ಎಲ್ಲಿ ಎಡವುತ್ತಿದೆ ಎಂದು ಇಣುಕಿ ನೋಡಲು ಡೀಬಗರ್ ಎಂಬ ಸಲಕರಣೆ ಇದೆ. ಸುಚಿತಾ ಬಳಸುವ ಡೀಬಗರ್ ಯಾರ ಸ್ವತ್ತೂ ಅಲ್ಲ. ಬೇರೆ ಬೇರೆ ದೇಶದವರು ಕೂಡಿ ಬರೆದು, ತಿದ್ದಿ, ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಆ ತಿದ್ದುವವರಲ್ಲಿ ಮಾವಳ್ಳಿಯ ಇವರೂ ಒಬ್ಬರು. ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ದೇವಪ್ಪನ ಬಲೆ ಹರಿದ ಮೇಲೆ.

ದೇವಪ್ಪ ಭಟ್ಕಳ ಬಂದರಿನ ತಾಂಡೇಲ, ಬೋಟು ನಡೆಸುವವರು. ಅವರ ಫೈಂಡರ್ ಕಡಲಿನಲ್ಲಿ ಆಗಾಗ ಮಂಕಾಗುತ್ತಿತ್ತು, ದಡಕ್ಕೆ ತಂದರೆ ಸರಿ ಇರುತ್ತಿತ್ತು. ನೀರಿನ ಮೇಲೆ ಓಡುತ್ತಿರುವ ಯಂತ್ರವನ್ನು ನಿಲ್ಲಿಸಿ ನೋಡಲಾಗದು. ಅದಕ್ಕೆ ಸುಚಿತಾ, ಅದರ ಮೆಮೊರಿಯ ಆಯ್ದ ಭಾಗ ಮಾತ್ರ ಆಗಾಗ ದಾಖಲಾಗುವಂತೆ ಮಾಡಿಕೊಟ್ಟರು. ದಡಕ್ಕೆ ಬಂದ ಮೇಲೆ ಡೀಬಗರ್ ಆ ದಾಖಲೆಯನ್ನು ಓದಿ ಹೇಳುತ್ತದೆ. ದಾಖಲಾಗದ ಭಾಗವನ್ನು ಕೇಳಿದರೆ 'ಲಭ್ಯವಿಲ್ಲ' ಎನ್ನುತ್ತದೆ. ಅಷ್ಟೇ. ಆದರೆ ಡೀಬಗರಿನ ಒಳಗೆ ಆ ಉತ್ತರಕ್ಕಿದ್ದ ಹೆಸರಿನಲ್ಲಿ 'ಇ' ಎಂಬ ಇಂಗ್ಲಿಷ್ ಅಕ್ಷರವೊಂದು ಅಂಟಿಕೊಂಡಿತ್ತು. 'ಇ' ಅಂದರೆ ಎರರ್, ತಪ್ಪು. ನಿಜವಾದ ತಪ್ಪುಗಳ ಹೆಸರಿಗೂ ಅದೇ 'ಇ'.

ಯಂತ್ರ ವಾಪಸು ಬಂದ ದಿನ ಸುಚಿತಾ ಕುಮಟಾಕ್ಕೆ ಹೋಗಿದ್ದರು. ಜೊತೆಗೆ ಕೆಲಸ ಮಾಡುವ ನಿತ್ಯಾನಂದ ಅಂಗಡಿಯಲ್ಲಿದ್ದ. ಬೇಗ ಪರೀಕ್ಷಿಸಲೆಂದು ಅವನೊಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದ. 'ಇ' ಕಂಡಲ್ಲೆಲ್ಲ 'ಕೆಟ್ಟಿದೆ' ಎಂದು ಕೆಂಪಕ್ಷರದಲ್ಲಿ ತೋರಿಸು ಅಂತ. ಪರದೆ ತುಂಬ ಕೆಂಪು ಬಂತು. "ಮೆಮೊರಿಯೇ ಹೋಗಿದೆ ದೇವಪ್ಪಣ್ಣ, ಹೊಸದೇ ತರಬೇಕು" ಎಂದ. ದೇವಪ್ಪ ಯಂತ್ರವನ್ನು ಅಲ್ಲೇ ಬಿಟ್ಟು, ಅಂದಾಜಿನ ಮೇಲೆ ಕಡಲಿಗಿಳಿದರು. ನೇತ್ರಾಣಿ ದ್ವೀಪದ ಬದಿಯಲ್ಲಿ, ಕೆಳಗೆ ಬರೀ ಹೊಯ್ಗೆ, ಮರಳು ಎಂದುಕೊಂಡಲ್ಲಿ ಕಲ್ಲಿತ್ತು. ಅರ್ಧ ಬಲೆ ಕಲ್ಲಿಗೇ ಹೋಯಿತು.

ಮರುದಿನ ಸುಚಿತಾ ಬಿಚ್ಚಿ ನೋಡಿದರೆ ಮೆಮೊರಿ ಗಟ್ಟಿಮುಟ್ಟಾಗಿತ್ತು. ಉಪ್ಪು ತಿಂದ ಒಂದು ಬೆಸುಗೆ, ಬೋಟು ಅಲುಗಿದಾಗ ಬಿಡುತ್ತಿತ್ತು. ನಿತ್ಯಾನಂದ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. "ನಾ ಹೆಸರು ನೋಡಿ ಹೇಳಿದ್ದು ಅಕ್ಕಾ. ತಪ್ಪು ಅಂತ ಅದೇ ಬರ್ಕಂಡಿತ್ತು" ಎಂದ. ಕೆಲಸ ಬಿಡುತ್ತೇನೆ ಎಂದೂ ಅಂದ.

"ಇವನ ಕಿವಿ ಹಿಂಡಿದ್ರೆ ಆತಾ?" ಎಂದು ಸುಚಿತಾ ಕೇಳುತ್ತಾರೆ. "ಅವನು ಓದಿದ್ದು ಸರಿ, ಇಟ್ಟ ಹೆಸರು ತಪ್ಪು. ನಾಳೆ ಇನ್ಯಾವುದೋ ಊರಲ್ಲಿ ಇನ್ನೊಬ್ಬ ಅದನ್ನೇ ಓದ್ತಾನೆ."

ಅವನ ಪ್ರೋಗ್ರಾಂ ತಿದ್ದಲು ಚಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಡೀಬಗರಿನ ಹೆಸರು ಹಾಗಲ್ಲ. ಅದು ನೂರು ಕಡೆ ಬೇರು ಬಿಟ್ಟಿತ್ತು. ಒಂದು ಕಡೆ ಬದಲಿಸದೆ ಬಿಟ್ಟುಹೋದರೂ ಇಡೀ ತಂತ್ರಾಂಶವೇ ಓಡುವುದಿಲ್ಲ. ಆ ಕೆಲಸ ಬೆಳಗಿನ ಜಾವಕ್ಕೆ ಬಿತ್ತು. ಮೊದಲ ಸಲ ಕಳಿಸಿದಾಗ, ಹೆಸರಿನ ಜೊತೆ ಇನ್ನೊಂದೆರಡು ರಿಪೇರಿಯನ್ನೂ ಸೇರಿಸಿದ್ದರು. ತಿದ್ದುಪಡಿ ನೋಡಿ ಒಪ್ಪುವ ದೂರದೇಶದ ಹಿರಿಯರು ವಾಪಸು ಕಳಿಸಿದರು: ಹೆಸರು ಬದಲಿಸುವಾಗ ಹೆಸರನ್ನು ಮಾತ್ರ ಬದಲಿಸಿ. "ಸರಿಯೇ. ಬಣ್ಣ ಬಳಿಯೂಕೆ ಬಂದವ ಗೋಡೆ ಒಡೀಬಾರದು" ಎನ್ನುತ್ತಾರೆ ಸುಚಿತಾ. ಎರಡನೇ ಸಲ ಅವರು ಕೇಳಿದ್ದು ಕಷ್ಟದ ಪ್ರಶ್ನೆ. ಕೆಲಸವೆಲ್ಲ ಸರಿಯಾಗಿಯೇ ನಡೆಯುತ್ತಿದೆ, ಬರೀ ಹೆಸರಿಗಾಗಿ ಇಷ್ಟು ಕಡೆ ಕೈ ಹಾಕಬೇಕೇ?

ಸುಚಿತಾ ಉತ್ತರ ಬರೆದರು, ಅಳಿಸಿದರು. ದಕ್ಕೆಯಿಂದ ಬಂದ ಮಾಸ್ತಮ್ಮ ಚೀಲದಿಂದ ಬಂಗಡೆ ತೆಗೆಯುತ್ತಾ, "ಮುಖ ಎಂತಕ್ಕೆ ಹಾಗೆ ಮಾಡ್ಕಂಡೆ?" ಎಂದರು. ಮಗಳು ಹೇಳಿದಳು. ತಾಯಿ ಕೇಳಿಸಿಕೊಂಡು, ಮೀನಿಗೆ ಕತ್ತಿ ಹಾಕುತ್ತಲೇ ಗದರಿದರು:

"ಇದಕ್ಕೆ ಇಷ್ಟು ಯೋಚನೆಯಾ? ಬಲೆ ಬರಿದು ಬಂತು ಅಂದ್ರೆ ಹರೀತು ಅಂತವಾ? ಬರಿದು ಬೇರೆ, ಹರಿದದ್ದು ಬೇರೆ. ಬರಿದಾದ್ರೆ ಬೇರೆ ಜಾಗ ನೋಡಿ ಮತ್ತೆ ಬಿಡೂದು. ಹರಿದ್ರೆ ದಡಕ್ಕೆ ತಂದು ಹೊಲಿಯೂದು. ಬರಿ ಬಲೆಯ ಹೊಲಿಯೂಕೆ ಕೂತವ ಉಪವಾಸವೇ."

ಸುಚಿತಾ ಅದನ್ನೇ ಬರೆದು ಕಳಿಸಿದರು. ದೇವಪ್ಪನ ಬಲೆಯ ಕಥೆಯನ್ನೂ ಕೆಳಗೆ ಸೇರಿಸಿದರು. 'ಲಭ್ಯವಿಲ್ಲ' ಎಂದರೆ ಬೇರೆಡೆ ಹುಡುಕು, 'ತಪ್ಪು' ಎಂದರೆ ನಿಲ್ಲಿಸು. ಎರಡಕ್ಕೂ ಒಂದೇ ಗುರುತು ಬೇಡ. ಎರಡು ದಿನ ಬಿಟ್ಟು ಉತ್ತರ ಬಂತು. ಹಿರಿಯರು ಒಪ್ಪಿದ್ದರು. ನಿಮ್ಮ ತಾಯಿಯವರಿಗೆ ನಮಸ್ಕಾರ ಹೇಳಿ ಎಂದೂ ಬರೆದಿದ್ದರು. ನಮಸ್ಕಾರ ತಲುಪಿಸಿದಾಗ ಮಾಸ್ತಮ್ಮ, "ಯಾರದು? ಮೀನು ತಕಂತ್ರಾ?" ಎಂದು ಕೇಳಿದರಂತೆ.

ಈಗ ದೇವಪ್ಪ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಾರೆ. "ಒಂದು ಅಕ್ಷರ ತೆಗೆಯೂಕೆ ನನ್ನ ಬಲೆಯೇ ಬೇಕಾಯ್ತಾ ತಂಗಿ?"

"ನಿಮ್ಮ ಬಲೆ ದೊಡ್ಡದು ದೇವಪ್ಪಣ್ಣ, ಅದಕ್ಕೇ ದೂರದವರಿಗೂ ಕಂಡಿತು."

ಒಳಗೆ ನಿತ್ಯಾನಂದ ನಗು ತಡೆಯಲಾರದೆ ತಲೆ ತಗ್ಗಿಸುತ್ತಾನೆ. ಅವನು ಕೆಲಸ ಬಿಡಲಿಲ್ಲ. ಮುಂದಿನ ತಿದ್ದುಪಡಿ ಅವನ ಹೆಸರಿನಲ್ಲಿ ಹೋಗಬೇಕು ಎಂಬುದು ಸುಚಿತಾ ಅವರ ಆಸೆ. "ಅವನಿಗೆ ಈಗ ಹೆಸರು ಓದೂಕೆ ಬರ್ತದೆ" ಎನ್ನುತ್ತಾರೆ.

ಹೋದದ್ದು ದೇವಪ್ಪನ ಅರ್ಧ ಬಲೆ, ಒಂದು ಹೆಸರಿನ ಒಂದು ಅಕ್ಷರ. ಬಲೆಗೆ ತುಂಡು ಕೂಡಿಸಿ, ಹೊಲಿದು ಮತ್ತೆ ಕಡಲಿಗೆ ಬಿಟ್ಟಾಗಿದೆ. ಅಕ್ಷರ ಇನ್ನು ವಾಪಸು ಬರುವುದಿಲ್ಲ.