ಅನ್ನಪೂರ್ಣಾಳ ಡೈರಿ ಬರೆದವಳು

ಯರಗುಪ್ಪಿಯಲ್ಲಿ ನಿಲೋಫರ್ ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಡೈರಿ ಅಕ್ಕನ ಮನೆ ಎಂದರೆ ತಟ್ಟನೆ ಕೈ ಮಾಡಿ ತೋರಿಸುತ್ತಾರೆ. ಆ ಹೆಸರು ಅವಳಿಗೆ ಬಂದದ್ದು ಆರು ವರ್ಷಗಳ ಹಿಂದೆ, ಹೊರದೇಶದ ಮಸಾಲೆ ಕಂಪನಿಯೊಂದು ಊರಿಗೆ ಬಂದ ಮೇಲೆ.

ಆ ಕಂಪನಿಗೆ ಈ ಸೀಮೆಯ ಬ್ಯಾಡಗಿ ಮೆಣಸಿನಕಾಯಿ ಬೇಕಿತ್ತು. ಆದರೆ ಅದರಲ್ಲಿ ವಿಷದ ಅಂಶ ಇರಬಾರದು. ಜೊತೆಗೆ ತಾನು ಮಣ್ಣನ್ನೂ ರೈತರನ್ನೂ ಕಾಪಾಡುತ್ತಿದ್ದೇನೆಂದು ಆ ಕಂಪನಿ ಲೋಕಕ್ಕೆ ತೋರಿಸಬೇಕಿತ್ತು. ಹುಬ್ಬಳ್ಳಿಯ ಒಂದು ಸಂಸ್ಥೆ ಅವರ ಪರವಾಗಿ ಹಳ್ಳಿಗಳಲ್ಲಿ ಕೆಲಸ ನೋಡಿಕೊಳ್ಳುತ್ತಿತ್ತು. ಸೇರಿದ ಪ್ರತಿ ರೈತನಿಗೂ ಒಂದು ಡೈರಿ ಕೊಟ್ಟರು. ಯಾವ ದಿನ ಸಸಿ ಹಚ್ಚಿದಿರಿ, ಹುಳಕ್ಕೆ ಯಾವ ಔಷಧಿ ಎಣ್ಣೆ ಹೊಡೆದಿರಿ, ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಿರೋ ಇಲ್ಲವೋ, ಖಾಲಿ ಬಾಟಲಿ ಎಲ್ಲಿ ಹಾಕಿದಿರಿ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಹಗಲೆಲ್ಲ ಕಳೆ ತೆಗೆದ ಕೈ ಸಂಜೆ ಪೆನ್ನು ಹಿಡಿಯಲು ಒಪ್ಪುತ್ತಿರಲಿಲ್ಲ. ಆಗ ಸಂಸ್ಥೆಯ ಪ್ರತಾಪ ಎಂಬ ಮೇಲ್ವಿಚಾರಕ, ಸಂಬಳಕ್ಕೆ ಡೈರಿ ಬರೆದುಕೊಡಲು ಹುಡುಕಿಕೊಂಡು ಬಂದದ್ದು ನಿಲೋಫರಳನ್ನು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್, ಅಕ್ಷರ ಮುತ್ತಿನಂತಿತ್ತು. ಗಂಡ ಜಾಕೀರ್ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಅವರಿಗೆ ಹೊಲ ಇರಲಿಲ್ಲ. ಹೀಗಾಗಿ ಅವಳು ಮೂವತ್ತೆರಡು ಮನೆಗಳ ಹೊಲದ ಕಥೆ ಬರೆಯುತ್ತಿದ್ದರೂ ಕಂಪನಿಯ ರೈತರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅನ್ನಪೂರ್ಣಾ ಅವಳ ಜೊತೆ ಹತ್ತನೆಯ ತರಗತಿಯ ತನಕ ಒಂದೇ ಬೆಂಚಿನಲ್ಲಿ ಕೂತವಳು. ಗಣಿತದಲ್ಲಿ ನಪಾಸಾಗಿ ಅಲ್ಲಿಗೇ ಶಾಲೆ ಬಿಟ್ಟಳು. ಸೋದರಮಾವ ಸಿದ್ಧಾರೂಢನನ್ನೇ ಮದುವೆಯಾಗಿ ಊರಲ್ಲೇ ಉಳಿದಳು; ನಿಲೋಫರ್ ಕೂಡ ಅತ್ತೆಯ ಮಗನನ್ನು ಕಟ್ಟಿಕೊಂಡು ಇಲ್ಲೇ ಉಳಿದಳು. ಇಪ್ಪತ್ತು ವರ್ಷಗಳಲ್ಲಿ ಅವರಿಬ್ಬರು ಮಾತಾಡದ ವಾರ ಒಂದೂ ಇರಲಿಲ್ಲ. ಸಿದ್ಧಾರೂಢನ ಎಂಟು ಎಕರೆ ಎರೆ ಹೊಲದ ಡೈರಿಯನ್ನೂ ನಿಲೋಫರಳೇ ಬರೆಯುತ್ತಿದ್ದಳು.

ಅನ್ನಪೂರ್ಣಾಳಿಗೆ ಇದ್ದದ್ದು ಮಾತು. ಕಂಪನಿಯ ಹೊರದೇಶದ ಅಧಿಕಾರಿಗಳು ಮೊದಲ ಸಲ ಬಂದಾಗ ಊರ ಹೆಂಗಸರೆಲ್ಲ ಸೆರಗು ಹೊದ್ದು ಸುಮ್ಮನೆ ನಿಂತಿದ್ದರು. ಇವಳು ಅವರಲ್ಲೊಬ್ಬ ಹೆಂಗಸಿನ ಕೈ ಹಿಡಿದು ಹೊಲದೊಳಗೆ ಕರೆದೊಯ್ದು, ಕೋಲಿಗೆ ಕಟ್ಟಿದ್ದ ನೀಲಿ ಅಂಟಿನ ಹಾಳೆ ತೋರಿಸಿದಳು. ನುಸಿಗಳು ನೀಲಿ ಬಣ್ಣಕ್ಕೆ ಮರುಳಾಗಿ ಬಂದು ಕೂತುಬಿಡುತ್ತವೆ, ಆಮೇಲೆ ಏಳಲು ಬರುವುದಿಲ್ಲ ಎಂದು ಕೈಬಾಯಿ ತಿರುಗಿಸಿ ಹೇಳಿದಳು. ಪ್ರತಾಪ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಬಂದವರು ನಗುತ್ತಿದ್ದರು.

ಮುಂದಿನ ವರ್ಷ ನವೆಂಬರಿನಲ್ಲಿ ಪ್ರತಾಪ ಒಂದು ದಪ್ಪ ಪುಸ್ತಕ ತಂದ. ಕಂಪನಿ ಪ್ರತಿ ವರ್ಷ ತನ್ನ ಒಳ್ಳೆಯ ಕೆಲಸಗಳನ್ನು ಹೇಳಿಕೊಳ್ಳಲು ಅಚ್ಚು ಹಾಕಿಸುವ ವರದಿ. ಅದರಲ್ಲಿ ಒಂದು ಪುಟದ ತುಂಬ ಅನ್ನಪೂರ್ಣಾ ಇದ್ದಳು. ಹಸಿರು ಸೀರೆ, ಹಿಂದೆ ಕೆಂಪು ಹಣ್ಣು ತುಂಬಿದ ಗಿಡಗಳು, ಕೈಯಲ್ಲಿ ತೆರೆದ ಡೈರಿ. ಆ ಡೈರಿಯ ಪುಟದಲ್ಲಿ ನಿಲೋಫರಳ ಅಕ್ಷರಗಳು ಒಂದೊಂದೂ ಕಾಣುವಷ್ಟು ಫೋಟೋ ಸ್ಪಷ್ಟವಾಗಿತ್ತು. ಕೆಳಗಿದ್ದ ಇಂಗ್ಲಿಷನ್ನು ಪ್ರತಾಪ ಕನ್ನಡದಲ್ಲಿ ಹೇಳಿದ: ಈ ಮಹಿಳೆ ತನ್ನ ಹೊಲದ ಪ್ರತಿ ದಿನದ ವಿವರವನ್ನು ತಾನೇ ಬರೆದಿಡುತ್ತಾಳೆ.

ಅನ್ನಪೂರ್ಣಾ ನಕ್ಕುಬಿಟ್ಟಳು. ಬರೆಯುವವಳು ಇವಳಲ್ಲವೇ, ಹೀಗೇಕೆ ಹಾಕಿದ್ದಾರೆ ಎಂದು ಅವಳೇ ಕೇಳಿದಳು. ಅಚ್ಚಾಗಿ ಹೋಗಿದೆ, ಬಿಡ್ರಿ ಎಂದ ಪ್ರತಾಪ. ನಿಲೋಫರ್ ಕೂಡ ನಕ್ಕಳು.

ಆ ನಗು ಮನೆಯತನಕ ಬರಲಿಲ್ಲ. ಅತ್ತೆ ಜುಲೇಖಾಬಿ ಯಾರದೋ ಮೊಬೈಲಿನಲ್ಲಿ ಆ ಫೋಟೋ ನೋಡಿ ಬಂದು, ಹುಡುಗಿ ಎಷ್ಟು ಚಂದ ಕಾಣುತ್ತಾಳೆ ಎಂದು ಎರಡು ಸಲ ಹೇಳಿದಳು. ಬರೆದವಳು ನಿನ್ನ ಸೊಸೆ ಎಂದು ನಿಲೋಫರ್ ಹೇಳಿದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಅವಳ ಫೋಟೋ ಬಂದರೆ ನಿನ್ನದೇನು ಹೋಯಿತು ಎಂದು ಜಾಕೀರ್ ಕೇಳಿದ. ಏನೂ ಹೋಗಿರಲಿಲ್ಲ. ಆದರೂ ಒಳಗೆ ಏನೋ ಕೊರೆಯುತ್ತಿತ್ತು.

ಅಲ್ಲಿಂದ ಅವಳ ಕಣ್ಣು ಬದಲಾಯಿತು. ಅನ್ನಪೂರ್ಣಾ ಆ ಪುಟಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದು ಕಂಡಿತು. ಹಾಲಿನ ಡೇರಿಯಲ್ಲಿ ಜನ ಅವಳಿಗೆ ಜಾಗ ಬಿಡುವುದು ಕಂಡಿತು. ಪ್ರತಾಪ ಒಂದು ಸಭೆಯಲ್ಲಿ ಅವಳ ಹೆಸರನ್ನು ಏಳು ಸಲ ಹೇಳಿದ. ಅದನ್ನು ನಿಲೋಫರ್ ಎಣಿಸಿದ್ದಳು. ಮೂವತ್ತೆರಡು ಡೈರಿಗಳಲ್ಲಿ ಅನ್ನಪೂರ್ಣಾಳದನ್ನು ಮೊದಲು ಬರೆಯುತ್ತಿದ್ದವಳು ಈಗ ಎಲ್ಲರದೂ ಮುಗಿದ ಮೇಲೆ ಬರೆಯತೊಡಗಿದಳು.

ಡಿಸೆಂಬರಿನಲ್ಲಿ ಕಂಪನಿ ಬೆಂಗಳೂರಿನಲ್ಲಿ ದೊಡ್ಡ ಸಭೆ ಇಟ್ಟುಕೊಂಡಿತು. ಮಾತಾಡಲು ಅನ್ನಪೂರ್ಣಾಳನ್ನು ಕರೆದರು, ಹುಬ್ಬಳ್ಳಿಯಿಂದ ವಿಮಾನದಲ್ಲಿ. ಅವಳು ಓಡಿ ಬಂದದ್ದು ನಿಲೋಫರಳ ಹತ್ತಿರವೇ. ಭಾಷಣ ಬರೆದುಕೊಡು ಎಂದಳು. ನಿಲೋಫರ್ ಎರಡು ಹಾಳೆ ಬರೆದುಕೊಟ್ಟಳು. ಅದರಲ್ಲಿ ಒಂದು ಕಡೆ, ನಮ್ಮ ಊರಿನಲ್ಲಿ ಡೈರಿ ಬರೆಯುವ ಒಬ್ಬ ಹೆಣ್ಣುಮಗಳಿದ್ದಾಳೆ ಎಂಬ ಮಾತನ್ನು ಸೇರಿಸಿದಳು. ತನ್ನ ಹೆಸರು ಬರೆಯಲು ನಾಚಿಕೆಯಾಯಿತು.

ನಾಲ್ಕು ದಿನಕ್ಕೆ ಅನ್ನಪೂರ್ಣಾ ಮಿಠಾಯಿ ಡಬ್ಬಿ ಹಿಡಿದು ಬಂದಳು. ವಿಮಾನದ ಕಿಟಕಿಯಿಂದ ಹೊಲಗಳು ಕೌದಿಯ ತುಂಡುಗಳಂತೆ ಕಂಡದ್ದನ್ನು ಹೇಳಿದಳು. ಆಮೇಲೆ ಹೇಳಿದಳು: "ನೀ ಬರದದ್ದು ಓದಾಕ ಆಗ್ಲಿಲ್ಲ ಬೇ. ಅಷ್ಟು ಮಂದಿ ನೋಡಿ ಅಕ್ಷರ ಕಾಣಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಚಪ್ಪಾಳಿ ಹೊಡದ್ರು ನೋಡು, ನಿಲ್ಲವಲ್ದು."

ಅವಳು ಹೋದ ಮೇಲೆ ನಿಲೋಫರ್ ಅನ್ನಪೂರ್ಣಾಳ ಡೈರಿ ತೆಗೆದಳು. ಅಕ್ಟೋಬರಿನ ಪುಟಕ್ಕೆ ಹೋದಳು.

ಅಕ್ಟೋಬರಿನಲ್ಲಿ ನಡೆದದ್ದು ಇಷ್ಟು. ಗಿಡಗಳಿಗೆ ಮುಟುರು ರೋಗ ಬಂದು ಎಲೆಗಳು ಮುದುಡತೊಡಗಿದ್ದವು. ಬೇವಿನೆಣ್ಣೆ ಹಿಡಿಯಲಿಲ್ಲ. ಸಿದ್ಧಾರೂಢ ಹೆದರಿ, ಕಂಪನಿ ಬೇಡವೆಂದಿದ್ದ ಒಂದು ಎಣ್ಣೆಯನ್ನು ಕುಂದಗೋಳದಿಂದ ತಂದು ಒಂದು ಸಲ ಹೊಡೆದ. ಮರುದಿನ ಅನ್ನಪೂರ್ಣಾ ಬಂದು ಅದನ್ನು ಹೇಳಿ, ಏನು ಬರೆಯಬೇಕು ಎಂದು ಕೇಳಿದ್ದಳು. ಏನೂ ಬೇಡ, ಸುಮ್ಮನಿರು ಎಂದವಳು ನಿಲೋಫರ್. ಗೆಳತಿಗಾಗಿ ಆ ತಾರೀಖನ್ನು ಹಾರಿಸಿ ಮುಂದಿನದನ್ನು ಬರೆದಿದ್ದಳು.

ಈಗ ಆ ಎರಡು ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಎಣ್ಣೆಯ ಹೆಸರು ಬರೆದಳು. ಇದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವನ್ನೇ ಬರೆಯುತ್ತಿದ್ದರೂ ಅಕ್ಷರ ಸೊಟ್ಟಗಾಯಿತು.

ಜನವರಿಯಲ್ಲಿ ತಪಾಸಣೆಗೆಂದು ಪುಣೆಯಿಂದ ಒಬ್ಬ ಮೇಡಂ ಬಂದರು. ಅನ್ನಪೂರ್ಣಾಳ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಮೇಡಂ ಡೈರಿಯ ಪುಟ ತಿರುವುತ್ತ ಅಕ್ಟೋಬರಿಗೆ ಬಂದು ನಿಂತರು. ಪ್ರತಾಪ ಆ ಸಾಲು ಓದಿದ, ಅವನ ಮುಖ ಸಣ್ಣಗಾಯಿತು. ಸಿದ್ಧಾರೂಢ ನೆಲ ನೋಡಿದ. ಅನ್ನಪೂರ್ಣಾ ಡೈರಿಯನ್ನು ತನ್ನ ಕಡೆ ಎಳೆದುಕೊಂಡು ಆ ಸಾಲನ್ನು ನೋಡಿದಳು. ಆಮೇಲೆ ತಲೆಯೆತ್ತಿ ನಿಲೋಫರಳನ್ನು ನೋಡಿದಳು.

"ಹೊಡದೇವ್ರಿ ಮೇಡಂ," ಎಂದಳು. "ಗಿಡಾ ಕಣ್ಣಮುಂದ ಹೊಂಟಿದ್ವು, ಜೀವ ತಡೀಲಿಲ್ಲ. ನಮ್ಮ ತಪ್ಪು."

ಇದನ್ನೇಕೆ ಸಾಲುಗಳ ನಡುವೆ ತುರುಕಿದ್ದೀರಿ ಎಂದು ಮೇಡಂ ಕೇಳಿದರು. ಆ ಪ್ರಶ್ನೆ ನಿಲೋಫರಳಿಗೆ.

"ನಾನ ತಡಾ ಮಾಡಿ ಹೇಳಿದೆ," ಎಂದಳು ಅನ್ನಪೂರ್ಣಾ. "ಹೇಳಿದ ಮ್ಯಾಲೆ ಅಕಿ ಬರದಾಳ. ಅಕಿದೇನೂ ತಪ್ಪಿಲ್ರಿ."

ಆ ವರ್ಷ ಕಂಪನಿ ಅವರ ಮೆಣಸಿನಕಾಯಿ ತೆಗೆದುಕೊಳ್ಳಲಿಲ್ಲ. ಸಿದ್ಧಾರೂಢ ಚೀಲಗಳನ್ನು ಬ್ಯಾಡಗಿ ಪೇಟೆಗೆ ಹೇರಿದ. ಪಡಸಾಲೆಯ ಫೋಟೋ ಇಳಿಯುವುದನ್ನು ನಿಲೋಫರ್ ಕಾದಳು. ಹಾಲಿನ ಡೇರಿಯಲ್ಲಿ ಜನ ಅನ್ನಪೂರ್ಣಾಳಿಗೆ ಜಾಗ ಬಿಡದ ದಿನವನ್ನು ಕಾದಳು. ಆದದ್ದೇ ಬೇರೆ. ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡ ರೈತ ಮಹಿಳೆ ಎಂದು ಮೇಡಂ ತಮ್ಮ ವರದಿಯಲ್ಲಿ ಬರೆದಿದ್ದರು. ಅದು ಕಂಪನಿಯ ದೊಡ್ಡವರಿಗೆ ಬಹಳ ಹಿಡಿಸಿತು. ಬೇರೆ ಊರುಗಳ ತರಬೇತಿಯಲ್ಲೂ ಅನ್ನಪೂರ್ಣಾಳೇ ಮಾತಾಡಲಿ ಎಂದು ಹುಬ್ಬಳ್ಳಿಯ ಸಂಸ್ಥೆಗೆ ಸುದ್ದಿ ಬಂತು.

ರಂಜಾನ್ ಹಬ್ಬಕ್ಕೆ ಶಾವಿಗೆ ಹಾಲಿನ ಸುರಕುಂಬಾ ಕುಡಿಯಲು ಪ್ರತಿ ವರ್ಷ ಮೊದಲು ಬರುತ್ತಿದ್ದವಳು ಅನ್ನಪೂರ್ಣಾ. ಈ ಸಲ ಬರಲಿಲ್ಲ. ಮಧ್ಯಾಹ್ನದ ತನಕ ಕಾದು, ನಿಲೋಫರ್ ತಾನೇ ಡಬ್ಬಿ ಹಿಡಿದು ಹೋದಳು. ಅನ್ನಪೂರ್ಣಾ ಹಿತ್ತಲಿನಲ್ಲಿ ಮನೆಗಿಟ್ಟುಕೊಂಡ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು.

"ಆ ಸಾಲು ನಾ ಡಿಸೆಂಬರದಾಗ ಬರದದ್ದು," ಎಂದಳು ನಿಲೋಫರ್. "ನೀ ಬೆಂಗಳೂರಿಂದ ಬಂದ ದಿನಾ."

"ಗೊತ್ತೈತಿ."

"ಮತ್ತ ಮೇಡಂ ಮುಂದ ಯಾಕ ಹೇಳ್ಲಿಲ್ಲ?"

"ನಿನ್ನ ಕೆಲಸಾ ಹೋಗತಿತ್ತು." ಅನ್ನಪೂರ್ಣಾ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಸಿಟ್ಟು ಬಂದೈತಿ ನನಗ. ಇನ್ನೂ ಐತಿ. ಆದ್ರ ನೀ ಬರದದ್ದು ಸುಳ್ಳಲ್ಲಲ್ಲ."

ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ನಿಲೋಫರ್ ಮನೆಗೆ ಬಂದಳು. ಅತ್ತಳು. ತಪ್ಪಿಗಾಗಿ ಅತ್ತದ್ದು ಸ್ವಲ್ಪ. ಫೋಟೋ, ವಿಮಾನ, ಚಪ್ಪಾಳೆ ಇವುಗಳ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ನುಂಗಬಹುದಿತ್ತು. ಆದರೆ ಮೇಡಂ ಮುಂದೆ ಆ ಜಾಗದಲ್ಲಿ ತಾನಿದ್ದಿದ್ದರೆ ಅನ್ನಪೂರ್ಣಾಳನ್ನು ಕಾಪಾಡುತ್ತಿರಲಿಲ್ಲ ಎಂಬುದು ಗೊತ್ತಾಗಿತ್ತು. ಒಳ್ಳೆಯತನವೂ ಅವಳ ಪಾಲಿಗೇ ಹೋಗಿತ್ತು.

ಎರಡು ತಿಂಗಳಾದ ಮೇಲೆ, ಮುಂಗಾರಿನ ಹೊಸ ಡೈರಿ ಹಿಡಿದು ಅನ್ನಪೂರ್ಣಾ ಬಂದಳು. ಹಳೆಯ ಸಲಿಗೆ ಇರಲಿಲ್ಲ, ಆದರೆ ಚಹಾ ಕುಡಿದಳು. ಹೊಲಕ್ಕೆ ಏನೇನು ಹಾಕಿದರೆಂದು ಒಂದೊಂದಾಗಿ ಹೇಳಿದಳು, ನಿಲೋಫರ್ ಒಂದೊಂದಾಗಿ ಬರೆದಳು. ಯಾವ ತಾರೀಖೂ ಬಿಡಲಿಲ್ಲ.

ಈಗ ತಿಂಗಳಿಗೊಮ್ಮೆ ಸಂಶಿಯಲ್ಲೋ ಗುಡಗೇರಿಯಲ್ಲೋ ತರಬೇತಿ ಇರುತ್ತದೆ. ಡೈರಿ ಬರೆಯುವವರೂ ಹೋಗಬೇಕು. ಅನ್ನಪೂರ್ಣಾ ಎದ್ದು ನಿಂತು ಮುಟುರು ರೋಗದಿಂದ ಶುರು ಮಾಡಿ ತನ್ನ ತಪ್ಪಿನ ಕಥೆ ಹೇಳುತ್ತಾಳೆ, ನಿಲೋಫರಳ ಹೆಸರು ಎತ್ತುವುದಿಲ್ಲ. ಹೆಂಗಸರು ಬಾಯಿ ತೆರೆದು ಕೇಳುತ್ತಾರೆ. ನಿಲೋಫರ್ ಎರಡನೆಯ ಸಾಲಿನಲ್ಲಿ ಕೂತು, ಎಲ್ಲಾದರೂ ಒಂದು ಕಡೆ ಅವಳು ತಡವರಿಸಲಿ ಎಂದು ಕಾಯುತ್ತಾಳೆ. ಅನ್ನಪೂರ್ಣಾ ತಡವರಿಸುವುದಿಲ್ಲ.