ಹಿಮದಲ್ಲಿ ಬೇವಿನ ಮರ

ಕಳೆದ ವಾರ ನೆಂಟರು ಬರುತ್ತಾರೆಂದು ಹೆಂಡತಿ ಅಟ್ಟದ ಮೇಲಿನ ಸ್ಲೀಪಿಂಗ್ ಬ್ಯಾಗನ್ನು ಇಳಿಸಿ ಅಂಗಳದಲ್ಲಿ ಕೊಡವಿದಳು. ಡಾಂಬರ್ ಗುಳಿಗೆ, ಹಳೆಯ ಕ್ಯಾನ್ವಾಸು, ಅದರೊಳಗೆಲ್ಲೋ ಸೀಮೆಎಣ್ಣೆ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಿನ್ನುತ್ತಿದ್ದ ಮಂಡಕ್ಕಿ ಅಲ್ಲೇ ಬಿಟ್ಟು ಎದ್ದೆ. ಬೀದಿಯ ತುದಿಯವರೆಗೆ ಹೋಗಿ ಬಂದೆ, ಮತ್ತೆ ಹೋದೆ. "ಏನಾತ್ರಿ ನಿಮಗ?" ಎಂದಳು ಅವಳು. ಏನೆಂದು ಹೇಳಲಿ? ಕೊಟ್ಟೂರಿನ ಕಾಕಾ ನೆನಪಾಗಿದ್ದರು.

ಕೊಟ್ಟೂರಿನ ಬಜಾರಿನ ಹಿಂದಿನ ಓಣಿಯಲ್ಲಿ ಅವರದು ಒಂದೇ ಬಾಗಿಲಿನ ಅಂಗಡಿ. ಬಳಸಿದ ಡೇರೆ, ಬೂಟು, ಬೆನ್ನುಚೀಲ, ಟಾರ್ಚು, ರೇನ್‌ಕೋಟು. ಕೆಲವು ಮಿಲಿಟರಿಯವರು ಬಿಟ್ಟದ್ದು, ಕೆಲವು ಹಂಪಿಗೆ ಬಂದ ವಿದೇಶಿಯರು ಊರಿಗೆ ಮರಳುವಾಗ ಮಾರಿ ಹೋದದ್ದು. ಏನು ಬೇಕು ಎಂದು ಕಾಕಾ ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲಿಗೆ ಹೊರಟೆ ಎಂದು ಕೇಳಿ, ಊರಿಗೆ ತಕ್ಕ ಸಾಮಾನು ಕೊಡುತ್ತಿದ್ದರು. ಕೊಡುವಾಗ ಒಂದು ಕರಾರು: ಹೋಗಿ ಬಂದ ಮೇಲೆ ಅಂಗಡಿಗೆ ಬಂದು ಕಂಡದ್ದನ್ನೆಲ್ಲ ಹೇಳಬೇಕು. ಅವರ ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು, ಅವರನ್ನು ಬಿಟ್ಟು ಕಾಕಾ ಹರಿಹರ ದಾಟಿದವರಲ್ಲ. ಜನ ಬಂದು ಹೇಳುತ್ತಿದ್ದರು, ಕಾಕಾ ಬೂಟಿಗೆ ಎಣ್ಣೆ ಸವರುತ್ತ ಕೇಳುತ್ತಿದ್ದರು.

ಆ ತಾಯಿ ತೀರಿಕೊಂಡ ಮರುವರ್ಷ ಅಂಗಡಿಯ ಮುಂದೆ ರಟ್ಟಿನ ಬೋರ್ಡು ಏರಿತು: ಅಂಗಡಿ ಖಾಲಿ ಮಾಡುತ್ತಿದ್ದೇವೆ, ಅರ್ಧ ಬೆಲೆ. ನಾನಾಗ ಹಗರಿಬೊಮ್ಮನಹಳ್ಳಿಯಲ್ಲಿ ಔಷಧಿ ಅಂಗಡಿಯ ಕೆಲಸಕ್ಕಿದ್ದೆ. ಇಪ್ಪತ್ನಾಲ್ಕರ ವಯಸ್ಸು, ಕುಂತಲ್ಲಿ ಕೂರದ ನಿಂತಲ್ಲಿ ನಿಲ್ಲದ ಸ್ವಭಾವ. ನಾಲ್ವರು ಗೆಳೆಯರ ಜೊತೆ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟಿದ್ದೆ. ಬೋರ್ಡಿನ ಸುದ್ದಿ ಕೇಳಿ ಕೊಟ್ಟೂರಿನ ಬಸ್ಸು ಹತ್ತಿದೆ.

ಸೇಲೆಂದರೆ ಸೇಲು... ಕಾಲಿಡಲು ಜಾಗವಿರಲಿಲ್ಲ. ತಾಡಪಾಲು ಎಳೆದಾಡುವ ರೈತರು, ಒಂದು ಬೂಟು ಹಿಡಿದು ಅದರ ಜೋಡಿ ಹುಡುಕುವ ಪಾದಯಾತ್ರೆಯವರು, ನೀರಿನ ಕ್ಯಾನಿನ ಬಾಯಿ ಮೂಸಿ ನೋಡುವ ಹೆಂಗಸರು. ಸ್ಲೀಪಿಂಗ್ ಬ್ಯಾಗು ಒಂದೇ ಉಳಿದಿತ್ತು. ನಾನು ಅದರ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಕೂಡ್ಲಿಗಿ ಕಡೆಯ ಒಬ್ಬ ಕುರಿಗಾರನ ಕೈಯಲ್ಲಿತ್ತು.

"ದಿನಾ ಹೊರಗ ಮಲಗಾಂವ ನಾನು. ಕಂಬಳಿ ತೊಯ್ದರ ಎತ್ತಾಕ ಆಗಂಗಿಲ್ರಿ ಕಾಕಾ," ಎಂದ ಅವನು.

ಕಾಕಾ ನನ್ನತ್ತ ತಿರುಗಿದರು. "ನೀ ಎಲ್ಲಿಗೆ ಹೊಂಟಿ ತಮ್ಮಾ?"

"ಹಿಮಾಲಯಕ್ಕ," ಎಂದೆ. ಹೇಳುವಾಗ ಎದೆ ಎರಡಿಂಚು ಉಬ್ಬಿತ್ತು.

"ದೂರ ಹೋಗಾಂವಂದು ಮೊದಲು," ಎಂದು ಕಾಕಾ ಅದನ್ನು ಕುರಿಗಾರನ ಕೈಯಿಂದ ಮೆಲ್ಲಗೆ ಬಿಡಿಸಿ ನನಗೆ ಕೊಟ್ಟರು. ಅವನಿಗೊಂದು ರೇನ್‌ಕೋಟು ಸಿಕ್ಕಿತು. ಅದರ ಒಂದು ತೋಳು ಹರಿದಿತ್ತು.

ನಾನು ಹೋಗಲಿಲ್ಲ.

ಗುಂತಕಲ್ಲಿನವರೆಗೆ ಹೋದೆ. ದಿಲ್ಲಿ ರೈಲು ಬಂತು, ಗೆಳೆಯರು ಹತ್ತಿದರು, ಚೀಲ ಕೊಡು ಎಂದು ಕೈ ಚಾಚಿದರು. ನಾನು ಚೀಲ ಅವಚಿಕೊಂಡು ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟೆ. ಎಲ್ಲಾದರೂ ಹೋಗಬೇಕು, ಹೋಗಬೇಕು ಎಂದು ಅಷ್ಟು ವರ್ಷ ಕುಣಿದವನು ಹೋಗುವ ಹೊತ್ತಿಗೆ ಹೆದರಿದೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ... ಅದೇ ಊರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಹನ್ನೆರಡು ದಿನ ಅವಿತು, ಉಪ್ಪಿಟ್ಟು ತಿಂದು, ಮಾಳಿಗೆಯ ಬಿಸಿಲಿಗೆ ಮುಖ ಕಪ್ಪು ಮಾಡಿಕೊಂಡು ಮರಳಿದೆ.

ಕಾಕಾನಿಗೆ ಮುಖ ತೋರಿಸದೆ ಇದ್ದುಬಿಡಬಹುದಿತ್ತು. ಆದರೆ ಕುರಿಗಾರನ ಮುಖ ಕಣ್ಣ ಮುಂದೆ ಬರುತ್ತಿತ್ತು. ನಿಜ ಹೇಳಿ ಬ್ಯಾಗು ಹಿಂದಿರುಗಿಸುವುದೆಂದೇ ಹೊರಟೆ. ಅಂಗಡಿ ಮುಕ್ಕಾಲು ಖಾಲಿಯಾಗಿತ್ತು. ನನ್ನನ್ನು ಕಂಡದ್ದೇ ಕಾಕಾ ಸ್ಟೂಲು ಒರೆಸಿ, "ಕೂಡು. ಮೊದಲಿಂದ ಹೇಳು," ಎಂದರು. ಅವರ ಕಣ್ಣಲ್ಲಿದ್ದ ಆಸೆ ನೋಡಿ ನನ್ನ ನಾಲಗೆ ಸುಳ್ಳಿನ ಕಡೆಗೇ ಹೊರಳಿತು. ಗೆಳೆಯರಿಂದ ಕೇಳಿದ್ದಷ್ಟು ಮುಗಿದ ಮೇಲೆ ನನ್ನದೂ ಸೇರಿಸಿದೆ. ಕೊನೆಯ ಬಿಡಾರದ ಹತ್ತಿರ, ಹಿಮದ ನಡುವೆ ಒಂದು ಚಹಾದಂಗಡಿ, ಒಬ್ಬ ಮುದುಕಿ, ಬೆಲ್ಲದ ಚಹಾ. ಬಯಲುಸೀಮೆಯವನ ಕಲ್ಪನೆ ಎಷ್ಟು ದೂರ ಹಾರೀತು? ಚಹಾದಂಗಡಿ ಎಂದ ಮೇಲೆ ನೆರಳು ಬೇಕಲ್ಲ, ಪಕ್ಕದಲ್ಲೊಂದು ಬೇವಿನ ಮರ ನಿಲ್ಲಿಸಿಬಿಟ್ಟೆ.

"ಬೇವಿನ ಮರ?" ಎಂದರು ಕಾಕಾ.

"ಹೂಂ ಕಾಕಾ, ದೊಡ್ಡದು. ಸುತ್ತ ಕಟ್ಟಿನೂ ಐತಿ."

ಅವರು ತಲೆಯಾಡಿಸಿದರು. ಬ್ಯಾಗು ನನ್ನಲ್ಲೇ ಉಳಿಯಿತು. ಆ ತಿಂಗಳ ಕೊನೆಗೆ ಬೋರ್ಡು ಇಳಿಯಿತು. ಒಂದು ಬೆನ್ನುಚೀಲ, ಒಂದು ಜೊತೆ ಬೂಟು ತಮಗೆಂದು ಉಳಿಸಿಕೊಂಡು ಕಾಕಾ ನಾನು ಹೇಳಿದ ದಾರಿಯನ್ನೇ ಹಿಡಿದು ಹೋದರೆಂದು ಸುದ್ದಿ ಬಂತು. ಅರವತ್ತು ದಾಟಿದ ಜೀವ, ಇಲ್ಲದ ಚಹಾದಂಗಡಿ ಹುಡುಕಿಕೊಂಡು... ಹೋಗಿ ಬಂದ ಗೆಳೆಯನೊಬ್ಬನನ್ನು ಮೆಲ್ಲಗೆ ಕೇಳಿದೆ. "ಹಿಮದಾಗ ಬೇವು ಬೆಳೀತೈತೇನಲೇ? ಅಲ್ಲಿ ಹುಲ್ಲಿಗೂ ಗತಿಯಿಲ್ಲ," ಎಂದು ಅವನು ನಕ್ಕ. ಇಪ್ಪತ್ತು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಲು ಹೋಗಿ ಮಾಲೀಕರಿಂದ ಬೈಸಿಕೊಂಡೆ.

ಕಾಕಾ ಬಂದರು. ಮೂಗಿನ ಚರ್ಮ ಸುಲಿದಿತ್ತು, ಅಂಗಿ ಸಡಿಲವಾಗಿತ್ತು. ಹಗರಿಬೊಮ್ಮನಹಳ್ಳಿಗೇ ನನ್ನನ್ನು ಹುಡುಕಿಕೊಂಡು ಬಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಶುರು ಮಾಡಿದರು. ಕಾಲಡಿಯಲ್ಲಿ ಹಿಮ ಹೇಗೆ ಕರಕರ ಎನ್ನುತ್ತದೆ, ಉಸಿರು ಹೇಗೆ ಕಟ್ಟುತ್ತದೆ, ಎಲ್ಲ. ಕೊನೆಗೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ನಿನ್ನ ಬೇವಿನ ಮರದ ಕೆಳಗ ಕುಂತು ಚಾ ಕುಡದ್ನೆಪಾ. ಆ ಹುಡುಗ ಒಮ್ಮಿ ಬರಲಿ ಅಂದಾಳ ಮುದುಕಿ."

ಅವರ ತುಟಿಯಲ್ಲಿ ನಗುವಿರಲಿಲ್ಲ. ಎಲ್ಲ ಗೊತ್ತಾಗಿತ್ತು ಅವರಿಗೆ, ಮೊದಲ ದಿನವೇ ಗೊತ್ತಾಗಿತ್ತೇನೋ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು "ಹೂಂ" ಎಂದೆ, ಅಷ್ಟೆ. ತಪ್ಪಾಯಿತು ಎನ್ನುವುದನ್ನು ನಾಳೆಗೆ, ನಾಡಿದ್ದಿಗೆ ತಳ್ಳಿದೆ. ಅವರು ಮತ್ತೆಲ್ಲೆಲ್ಲಿಗೋ ಹೋದರು, ಬಂದರು. ಎರಡು ವರ್ಷವಾದ ಮೇಲೆ ಒಂದು ದಿನ ಕೊಟ್ಟೂರಿನ ಗಿರಾಕಿಯೊಬ್ಬ ಕೆಮ್ಮಿನ ಔಷಧಿ ಕಟ್ಟಿಸಿಕೊಳ್ಳುತ್ತ, ಕಾಕಾ ತೀರಿಹೋದರೆಂದು ಹೇಳಿದ.

ಹೋದ ವರ್ಷ, ನಲವತ್ತೈದು ದಾಟಿದ ಮೇಲೆ, ಹೆದರುತ್ತಲೇ ದಿಲ್ಲಿ ರೈಲು ಹತ್ತಿದೆ. ಕೊನೆಯ ಬಿಡಾರದ ಹತ್ತಿರ ಬರೀ ಕಲ್ಲು, ಹಿಮ, ಗಾಳಿ. ಒಂದು ಬಂಡೆಯ ಮೇಲೆ ಕುಳಿತು ನಾಚಿಕೆಯಿಲ್ಲದೆ ಅತ್ತೆ. ತಿರುಗಿ ಬಂದವನು ಮನೆಗೂ ಹೋಗದೆ ಕೊಟ್ಟೂರಿನಲ್ಲಿ ಇಳಿದು ಆ ಓಣಿಗೆ ನಡೆದೆ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಹೇಳಬೇಕಾದದ್ದು ಎದೆ ತುಂಬ ಇತ್ತು, ಒಂದೂ ಸುಳ್ಳಲ್ಲ. ಅಲ್ಲೇ ಅತ್ತಿಂದಿತ್ತ ತಿರುಗಾಡಿ, ಯಾರಿಗೂ ಹೇಳದೆ ಮನೆಗೆ ಬಂದೆ.