ಕರಡಿಗೆ ತಕ್ಕ ಪಿಸ್ತೂಲು

ಢಂ! ಒಂದು ಕ್ಷಣ ಬಿಟ್ಟು, ಎಲ್ಲೋ ಗುಡ್ಡಕ್ಕೆ ಬಡಿದು ಹಿಂತಿರುಗಿದ ಅದರ ಮರುದನಿ. ಆಮೇಲೆ ಗಂಟಲಲ್ಲಿ ಜಲ್ಲಿಕಲ್ಲು ತುಂಬಿಕೊಂಡವನ ಹಾಗೆ ಮಾತನಾಡುವ ಅಮೆರಿಕದ ಗಂಡಸೊಬ್ಬನ ‘ಹಲೋ ಫೋಕ್ಸ್’. ಆ ವರ್ಷ ಹಿನಕಲ್ಲಿನ ನನ್ನ ತಮ್ಮನ ಮನೆಗೆ ಯಾವಾಗ ಹೋದರೂ ಗೇಟಿನಲ್ಲೇ ಈ ಸದ್ದು ಕೇಳಿಸುತ್ತಿತ್ತು. ಅವನು ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಕರಡಿ ಹೊಡೆಯಲು ಯಾವ ಪಿಸ್ತೂಲು ವಾಸಿ ಎಂದು ಕಲಿಯುತ್ತಿದ್ದ. ವಯಸ್ಸು ಅರವತ್ತೆಂಟು. ಅಲ್ಲಿಯವರೆಗೆ ಅವನು ಹೊಡೆದ ಅತಿ ದೊಡ್ಡ ಪ್ರಾಣಿ ಎಂದರೆ ಜಿರಲೆ. ಅವುಗಳಲ್ಲೂ ಅರ್ಧ ತಪ್ಪಿಸಿಕೊಳ್ಳುತ್ತಿದ್ದವು.

ಈ ಹುಚ್ಚು ಹತ್ತಿಸಿದವನು ಅವನ ಕಾಲೇಜಿನ ಗೆಳೆಯ. ನಲವತ್ತು ವರ್ಷದಿಂದ ಅಮೆರಿಕದ ಯಾವುದೋ ಕಾಡು ರಾಜ್ಯದಲ್ಲಿದ್ದಾನೆ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಸತ್ತ ಕರಿ ಕರಡಿಯೊಂದರ ಪಕ್ಕ ಮಂಡಿಯೂರಿ, ಹಲ್ಲು ಕಿರಿದು ತೆಗೆಸಿಕೊಂಡ ಫೋಟೋ ಕಳಿಸಿದ್ದ. ಎರಡು ಮುಖಗಳಲ್ಲಿ ಕರಡಿಯದೇ ಹೆಚ್ಚು ಡಿಗ್ನಿಫೈಡ್ ಆಗಿತ್ತು. ಅಕ್ಟೋಬರಿಗೆ ಬಾ, ಇಲ್ಲಿ ಲೈಸೆನ್ಸ್ ತೆಗೆದುಕೊಂಡರೆ ಎಲ್ಲ ಲೀಗಲ್, ಯಾವ ಪಿಸ್ತೂಲು ಬೇಕು ಅಂತ ಮಾತ್ರ ಹೇಳು, ನಾನು ಹೊಂದಿಸುತ್ತೇನೆ ಎಂದು ಬರೆದಿದ್ದ. ನಮ್ಮಲ್ಲಿ ಕರಡಿಯ ಕೂದಲು ಕಿತ್ತರೂ ಜೈಲು. ಅದಕ್ಕೇ ಇವನು ಸಮುದ್ರ ದಾಟಿ ಹೋಗಿ ಕೊಲ್ಲಬೇಕಂತೆ.

“ಐ ಆಮ್ ಎ ಬಿಗಿನರ್, ಅಕ್ಕ. ಅದಕ್ಕೇ ಸರಿಯಾಗಿ ಸ್ಟಡಿ ಮಾಡ್ತಾ ಇದೀನಿ.”

“ಬಿಗಿನರ್ ಅಂತೆ! ನಿನಗೆ ಬೆಂಡೆಕಾಯಿ ಆರಿಸೋಕೆ ಬರಲ್ಲ ಕಣೋ. ತುದಿ ಮುರಿದು ನೋಡು ಅಂದ್ರೆ ಅರ್ಧ ಬೆಂಡೆಕಾಯಿ ಮುರಿದುಬಿಡ್ತೀಯ. ಪಿಸ್ತೂಲು ಆರಿಸ್ತಾನಂತೆ.”

“ನೀನು ನಗ್ತಾನೇ ಇರು,” ಎಂದು ಅವನು ಮತ್ತೆ ಮೊಬೈಲಿಗೆ ಮುಖ ಕೊಡುತ್ತಿದ್ದ.

ನಾನು ಕೇಳದಿದ್ದರೂ ಹೇಳುತ್ತಿದ್ದ. ಸಣ್ಣ ಗುಂಡಿನ ಪಿಸ್ತೂಲಾದರೆ ಕರಡಿ ಸಾಯುವುದಿಲ್ಲ, ಗಾಯ ಮಾಡಿಕೊಂಡು ಪೊದೆ ಸೇರುತ್ತದೆ. ದೊಡ್ಡ ಗುಂಡಿನದಾದರೆ ಹೊಡೆದವನ ಮಣಿಕಟ್ಟನ್ನೇ ಒದೆಯುತ್ತದೆ. ಹಗುರವಾದದ್ದು ಜಾಸ್ತಿ ಒದೆಯುತ್ತದೆ, ಭಾರದ್ದು ಕಡಿಮೆ. ಹಾಗಾಗಿ ಭಾರದ್ದೇ ಬೇಕು, ಆದರೆ ಅದನ್ನು ನೀಟಾಗಿ ಹಿಡಿದು ನಿಲ್ಲುವ ಕೈ ಬೇಕು. ಹೊಸಬರು ಮೊದಲು ಚಿಕ್ಕದರಲ್ಲಿ ತಿಂಗಳುಗಟ್ಟಲೆ ಕೈ ಪಳಗಿಸಿಕೊಳ್ಳಬೇಕು ಎಂದು ಆ ಜಲ್ಲಿಕಲ್ಲಿನ ಗಂಟಲಿನವನೇ ಹೇಳುತ್ತಿದ್ದ. ಆ ಭಾಗ ಬಂದಾಗ ನನ್ನ ತಮ್ಮ ವಿಡಿಯೋವನ್ನು ಮುಂದಕ್ಕೆ ಓಡಿಸುತ್ತಿದ್ದ. ಅವನ ಮನಸ್ಸೆಲ್ಲ ಆರಿಂಚು ನಳಿಗೆಯ, ಹೊಳೆಯುವ ಸ್ಟೀಲಿನ, ಒಂದೂವರೆ ಕಿಲೋ ತೂಕದ ರಿವಾಲ್ವರೊಂದರ ಮೇಲೆ. ಸೀರೆ ಅಂಗಡಿಯಲ್ಲಿ ಗೊಂಬೆಗೆ ಉಡಿಸಿದ್ದನ್ನೇ ಕೊಡಿ ಎನ್ನುವ ಹೆಂಗಸರಿಲ್ಲವೇ, ಹಾಗೆ.

ಕರಡಿಯೇ ಯಾಕೆ ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ಬೀದಿಗೆ ಕರಡಿ ಆಡಿಸುವವನು ಬರುತ್ತಿದ್ದ. ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟಿದರೆ ಭಯ ಹೋಗುತ್ತದೆ ಎಂಬ ನಂಬಿಕೆ. ಅಮ್ಮ ನಾಲ್ಕು ವರ್ಷದ ಇವನನ್ನು ಕೂರಿಸಿದಳು. ಇವನು ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಕರಡಿಯವನು ತನ್ನ ಪಂಚೆಯ ತುದಿಯಿಂದ ಕರಡಿಯ ಬೆನ್ನು ಒರೆಸಿದ. ಆ ಒರೆಸುವಿಕೆಯನ್ನು ಅಭಿನಯಿಸಿ ನಾನು ಅರವತ್ತು ವರ್ಷ ನಗಿಸಿದ್ದೇನೆ. ಅವನ ಮದುವೆಯಲ್ಲಿ, ಅವನ ಮಗಳ ಮದುವೆಯಲ್ಲಿ, ಅವನ ರಿಟೈರ್‌ಮೆಂಟ್ ಊಟದಲ್ಲಿ ಕೂಡ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಎಲೊಕ್ಯೂಷನ್ ಚೆನ್ನಾಗಿ ಕಲಿಸಿದ್ದರು, ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂದು ನನಗೆ ತಿಳಿದಿತ್ತು.

ಜೂನಿನಲ್ಲಿ ಒಂದು ಬೆಳಿಗ್ಗೆ ಹೋದಾಗ ಅವನು ವರಾಂಡದಲ್ಲಿ ನಿಂತು, ಇಸ್ತ್ರಿ ಪೆಟ್ಟಿಗೆಯನ್ನು ಬಲಗೈಯಲ್ಲಿ ಮುಂದಕ್ಕೆ ಚಾಚಿ, ಎದುರು ಮನೆಯ ಸಿಂಟೆಕ್ಸಿಗೆ ಗುರಿ ಹಿಡಿದಿದ್ದ. ರಿವಾಲ್ವರಿನ ತೂಕವೂ ಅದರ ತೂಕವೂ ಹೆಚ್ಚುಕಮ್ಮಿ ಒಂದೇ ಅಂತೆ.

“ನೋಡಿ ಅಕ್ಕ,” ಎಂದಳು ಅವನ ಹೆಂಡತಿ ಕಾಫಿ ತಂದು. “ವಾರದಿಂದ ಒಂದು ಬಟ್ಟೆಗೂ ಇಸ್ತ್ರಿ ಇಲ್ಲ. ಕೇಳಿದ್ರೆ ಟ್ರೈನಿಂಗ್ ಅಂತಾರೆ.”

“ಕರಡಿಗೆ ಇಸ್ತ್ರಿ ಮಾಡಿ ಕಳಿಸ್ತಾನೇನೋ ಬಿಡಮ್ಮ,” ಎಂದೆ. ಅವಳು ನಕ್ಕು ಒಳಗೆ ಹೋದಳು.

ನಾನೂ ನಗುತ್ತಿದ್ದೆ. ಆಗ ಕಂಡಿತು, ಪೆಟ್ಟಿಗೆಯಿಂದ ಕೆಳಗೆ ನೇತುಬಿದ್ದ ವೈರಿನ ತುದಿಯಲ್ಲಿದ್ದ ಪ್ಲಗ್ಗು. ಗಾಳಿಯಿರಲಿಲ್ಲ. ಪ್ಲಗ್ಗು ನಿಲ್ಲದೆ ಅದುರುತ್ತಿತ್ತು. ಭಾರಕ್ಕೆ ಸೋತ ಕೈ ಹಾಗೆ ಅದುರುವುದಿಲ್ಲ. ಅವನು ಪೆಟ್ಟಿಗೆ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತ ಮೇಲೂ ತೊಡೆಯ ಮೇಲಿದ್ದ ಕೈಯ ಹೆಬ್ಬೆರಳು ಬೀಡಿ ಸುತ್ತುವವರ ಬೆರಳಿನ ಹಾಗೆ ತನ್ನಷ್ಟಕ್ಕೆ ಆಡುತ್ತಿತ್ತು.

ಆಗಲೇ ಕೇಳಬಹುದಿತ್ತು. ನಾನು ಕೇಳಲಿಲ್ಲ. ಬದಲಿಗೆ, ಮೇಟಗಳ್ಳಿ ಕಡೆ ಒಂದು ಶೆಡ್ಡಿನಲ್ಲಿ ಏರ್ ಪಿಸ್ತೂಲು ಹೊಡೆಯಲು ಕಲಿಸುತ್ತಾರೆ, ಒಮ್ಮೆ ಹಿಡಿದು ನೋಡು, ಆಮೇಲೆ ಅಮೆರಿಕ, ಎಂದು ಕರೆದುಕೊಂಡು ಹೋದೆ. ಅವನ ಬಿಗಿನರ್‌ತನವನ್ನು ಅವನೇ ನೋಡಲಿ ಎಂಬುದು ನನ್ನ ಆಸೆ. ಕೈಂಡ್‌ನೆಸ್ ಅಲ್ಲ.

ಅಲ್ಲಿ ಕಲಿಸುವವಳು ಟ್ರ್ಯಾಕ್‌ಸೂಟ್ ತೊಟ್ಟ, ಮಾತು ಕಡಿಮೆಯ ಹೆಂಗಸು. ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಇವನು ಹತ್ತು ಸಲ ಹೊಡೆದ. ಕಾಗದಕ್ಕೆ ತಾಗಿದ್ದು ಎರಡು, ಅವೂ ಮೂಲೆಯಲ್ಲಿ. ನನಗೂ ಒಂದು ಸಲ ಕೊಡಿ ಎಂದು ನಾನು ಕನ್ನಡಕ ಸರಿಮಾಡಿಕೊಂಡು ನಿಂತೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವಳು. ಐದರಲ್ಲಿ ನಾಲ್ಕು ಕಪ್ಪು ವೃತ್ತದೊಳಗೆ ಬಿದ್ದವು. ತಿರುಗಿ ಅವನ ಮುಖ ನೋಡಿದೆ. ಆ ಖುಷಿ ನನಗೆ ಇವತ್ತಿಗೂ ನೆನಪಿದೆ, ಅದೇ ಡಿಸ್‌ಗ್ರೇಸ್‌ಫುಲ್.

ಕಲಿಸುವವಳು ನನ್ನ ಕೈಯಿಂದ ಪಿಸ್ತೂಲು ಇಸಿದುಕೊಂಡು ಅವನನ್ನು ಮೆಲ್ಲಗೆ ಕೇಳಿದಳು. “ಸರ್, ಕೈ ಎಷ್ಟು ದಿನದಿಂದ ಹೀಗೆ?”

“ಬೆಳಿಗ್ಗೆ ಎರಡು ಕಾಫಿ ಕುಡ್ದೆ, ಅದಕ್ಕೆ.”

“ಡಾಕ್ಟರಿಗೆ ತೋರಿಸಿ ಸರ್. ಇಲ್ಲಿಗೆ ಆಮೇಲೆ ಬನ್ನಿ.”

ಹಿಂದಿರುಗುವಾಗ ಕಾರಿನಲ್ಲಿ ಅವನೇ ಹೇಳಿದ.

“ತೋರಿಸಿ ಆಯ್ತು ಅಕ್ಕ. ಜನವರಿಯಲ್ಲೇ. ಮಾತ್ರೆ ತಗೋತಾ ಇದೀನಿ. ವಾಸಿ ಆಗೋದಲ್ಲವಂತೆ, ಜಾಸ್ತಿ ಆಗೋದು ನಿಧಾನ ಆಗತ್ತಂತೆ ಅಷ್ಟೇ. ಮುಂದಿನ ವರ್ಷಕ್ಕೆ ಈ ಕೈ ಹೇಗಿರತ್ತೋ. ಮನೇಲಿ ಅವಳಿಗೆ ಹೇಳಿಲ್ಲ. ಹೇಳಿದ್ರೆ ಕಳಿಸಲ್ಲ. ಅಕ್ಟೋಬರ್ ಒಂದು ಆಗ್ಬುಡ್ಲಿ. ನೀನೂ ಹೇಳ್ಬೇಡ.”

“ನಡುಗೋ ಕೈಲಿ ಹೊಡೆದು ಅದರ ಹೊಟ್ಟೆಗೋ ಕಾಲಿಗೋ ತಾಗಿಸ್ತೀಯ. ಆ ಮೂಕಪ್ರಾಣಿ ಎರಡು ದಿನ ನರಳಿ ಸಾಯ್ಬೇಕು. ನಿನ್ನ ಚಡ್ಡಿ ಒಣಗಿಸೋಕೆ.”

ಅವನು ಎಡಕ್ಕೆ ತಿರುಗಿ ಕಿಟಕಿಯಾಚೆ ನೋಡಿದ. ತನ್ನ ಗೇಟಿನಲ್ಲಿ ಇಳಿಯುವಾಗ, “ಹೊಡೀದೇ ಇದ್ರೂ ಪರ್ವಾಗಿಲ್ಲ ಅಕ್ಕ. ಅದರ ಎದುರಿಗೆ ಒಂದ್ಸಲ ನಿಂತ್ಕೋಬೇಕು,” ಎಂದ.

ಮಾರನೆಯ ಬೆಳಿಗ್ಗೆ ನಾನು ಜಯಲಕ್ಷ್ಮಿಪುರಂನ ನನ್ನ ಮನೆಯಿಂದ ಅವನ ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದೆ.

ಕರಡಿಗಾಗಿ ಹೇಳಿದೆ ಎಂದು ಆಗ ಅಂದುಕೊಂಡೆ. ಅದು ಸುಳ್ಳಲ್ಲ. ಬೇಟೆಯನ್ನು ನಾನು ಎಂದೂ ಗೌರವಿಸಿಲ್ಲ. ಹುಲಿಯ ತಲೆಯ ಮೇಲೆ ಬೂಟುಗಾಲಿಟ್ಟು ನಿಂತ ಹಳೆಯ ಮೈಸೂರಿನ ಆ ಮೀಸೆಗಳ ಫೋಟೋಗಳನ್ನು ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಇಂಟರ್‌ನೆಟ್ಟಿನಲ್ಲಿ ಕಲಿತು, ಸಮುದ್ರದಾಚೆ ಹೋಗಿ, ಬಾಡಿಗೆ ಕಾಡಿನಲ್ಲಿ ಪ್ರಾಣಿ ಕೊಲ್ಲುವವರು ಅವರಿಗಿಂತ ಕಡೆ. ನನ್ನ ತಮ್ಮನಾದರೂ ಅಷ್ಟೇ. ಆದರೆ ಅವನು ಕೊನೆಗೆ ಹೇಳಿದ್ದು ಕೊಲ್ಲುವ ಮಾತಲ್ಲ. ಅದು ಕೇಳಿಸಿಯೂ ಫೋನು ಮಾಡಿದೆ. ಅವನು ಒಂದು ವೇಳೆ ಹೋಗಿ, ಕರಡಿಯೆದುರು ನಿಂತು, ನೆಟ್ಟಗೆ ಹಿಂತಿರುಗಿ ಬಂದಿದ್ದರೆ ನನ್ನ ಆ ಚಡ್ಡಿಯ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಹೆಂಡತಿ ಅತ್ತಳು, ಮಗಳಿಗೆ ಹೇಳಿದಳು. ಟಿಕೆಟ್ ಕ್ಯಾನ್ಸಲ್ ಆಯಿತು. ತಮ್ಮ ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನೂ ಆಡಿ ಗೆಲ್ಲುತ್ತಿದ್ದೆ. ನಾನು ಹೋದಾಗೆಲ್ಲ ಅವನು ಮಲಗಿರುತ್ತಿದ್ದ, ಇಲ್ಲವೇ ಸ್ನಾನಕ್ಕೆ ಹೋಗಿರುತ್ತಿದ್ದ. ವರಾಂಡದಲ್ಲಿ ಸದ್ದಿರಲಿಲ್ಲ. ಒಂದು ವರ್ಷ ಕಳೆಯಿತು.

ಕಡೆಯ ಸಲ ಅವನನ್ನು ನೋಡಿದ್ದು ಮರುವರ್ಷದ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ. ತವರಿನ ಬಾಗಿನವನ್ನು ಪ್ರತಿ ವರ್ಷ ಅವನೇ ತಂದು ಕೊಡುತ್ತಿದ್ದ. ಗೇಟಿನ ಹೊರಗೆ ಆಟೋ ನಿಂತಿತು. ಅವನ ಹೆಂಡತಿ ಇಳಿದು, ಅರಿಶಿನ ಹಚ್ಚಿದ ಜೋಡಿ ಮೊರ ಹಿಡಿದು ಒಳಗೆ ಬಂದಳು. ಅವನು ಇಳಿಯಲಿಲ್ಲ. ನಾನು ಮೊರವನ್ನು ದೇವರ ಮುಂದಿಟ್ಟು ಬರಿಗಾಲಿನಲ್ಲೇ ಗೇಟಿಗೆ ಹೋದೆ. ಶಿಕ್ಷೆಗೆ ಕೂರಿಸಿದ ಸ್ಕೂಲ್ ಮಕ್ಕಳ ಹಾಗೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದ. ತುಂಬ ಇಳಿದುಹೋಗಿದ್ದ, ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾಗಿ ಕಾಣುತ್ತಿತ್ತು.

“ಒಳಗೆ ಬಾರೋ. ಒಂದು ಲೋಟ ಕಾಫಿ ಕುಡಿದು ಹೋಗು.”

“ಬೇಡ ಅಕ್ಕ.”

“ಯಾಕೋ?”

“ಲೋಟ ಹಿಡಿಯೋದು ನೋಡ್ತೀಯ. ಆಮೇಲೆ ಎಲ್ಲರಿಗೂ ಮಾಡಿ ತೋರಿಸ್ತೀಯ.”

ಕೋಪದಲ್ಲಿ ಹೇಳಲಿಲ್ಲ. ನಾಳೆ ಕರೆಂಟ್ ಇರಲ್ಲ ಎನ್ನುವ ಹಾಗೆ ಹೇಳಿದ. ಅವನ ಹೆಂಡತಿ ಬಂದು ಪಕ್ಕದಲ್ಲಿ ಕುಳಿತು, ಅವನ ತೊಡೆಗಳ ಮೇಲೆ ತನ್ನ ಸೆರಗು ಎಳೆದು ಹಾಕಿದಳು. “ನಡೀರಪ್ಪ,” ಎಂದ ಆಟೋದವನಿಗೆ. ನಾನು ಗೇಟು ಹಿಡಿದು ನಿಂತಿದ್ದೆ. ಆಟೋದ ಹಿಂದಿನ ಚಿಕ್ಕ ಕಿಟಕಿಯಲ್ಲಿ ಅವನ ಬಿಳಿಯ ತಲೆ ಒಂದಿಷ್ಟು ದೂರ ಕಂಡಿತು, ತಿರುಗಲಿಲ್ಲ.